ಹಿಂದಿನ ಬಸ್ಸಿಗೆ ಬರಬೇಕಿತ್ತು

ಮುರಿಯಲ್ ಥ್ರೆಲ್‌ಫಾಲ್ ದಯೆ ಇಲ್ಲದ ಹೆಂಗಸು. ಹಾರ್ಕ್ಲಫ್ ಊರಿನಲ್ಲಿ ಇದನ್ನು ಅವಳ ಬೆನ್ನ ಹಿಂದೆ ಆಡಿದವರಿದ್ದರು, ಕಟಕಟೆಯಲ್ಲಿ ನಿಂತು ಅವಳ ಮುಖಕ್ಕೇ ಆಡಿದವರೂ ಇದ್ದರು. ಅವಳು ಇಲ್ಲವೆನ್ನಲಿಲ್ಲ. ದಯೆ ಬೇಕಾದವರು ಚರ್ಚಿಗೆ ಹೋಗಬಹುದು, ಅದು ಎದುರು ರಸ್ತೆಯಲ್ಲೇ ಇದೆ ಎಂದು ಒಮ್ಮೆ ತುಂಬಿದ ಕೋರ್ಟಿನಲ್ಲಿ ಹೇಳಿದ್ದಳು. ಅಂದಿನಿಂದ ಊರು ಅವಳಿಗೆ ವಿನೆಗರ್ ಎಂದು, ಕರಿದ ಮೀನಿಗೆ ಚಿಮುಕಿಸುವ ಹುಳಿನೀರಿನ ಹೆಸರನ್ನೇ ಇಟ್ಟಿತು. ಮೀನು, ಆಲೂಗಡ್ಡೆ ಕರಿದು ಮಾರುವ ಅಂಗಡಿಯ ಸರದಿಯಲ್ಲಿ ಅವಳು ನಿಂತಿದ್ದರೆ ಹಿಂದಿನಿಂದ ಯಾರಾದರೂ, "ನನ್ನ ಪೊಟ್ಟಣಕ್ಕೆ ವಿನೆಗರ್ ಬೇಡಪ್ಪಾ, ಮುಂದೆ ನಿಂತಿರೋದೇ ಸಾಕು" ಎನ್ನುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ. ತನ್ನ ಪೊಟ್ಟಣಕ್ಕೆ ಎರಡು ಪಟ್ಟು ಹಾಕಿಸಿಕೊಂಡು ಹೋಗುತ್ತಿದ್ದಳು.

ಅವಳು ಸಂಬಳವಿಲ್ಲದ, ಕಾನೂನು ಓದದ ಮ್ಯಾಜಿಸ್ಟ್ರೇಟ್. ಇಂಗ್ಲೆಂಡಿನಲ್ಲಿ ಜನ ಜಗಳವಾಡಿದರೆ, ಕದ್ದರೆ, ಕುಡಿದು ಕಾರು ಓಡಿಸಿದರೆ ಮೊದಲು ನಿಲ್ಲುವುದು ಇಂಥವರ ಮುಂದೆ. ಹಲ್ಲಿನ ಡಾಕ್ಟರು, ನಿವೃತ್ತ ಮೇಷ್ಟ್ರು, ಅಂಗಡಿಯವಳು, ಯಾರಾದರೂ ಸರಿ, ತಲೆ ನೆಟ್ಟಗಿದ್ದರೆ ಸಾಕು. ಮೂವರು ಪೀಠದಲ್ಲಿ ಕೂರುತ್ತಾರೆ. ನಡುವಿನವರು ಮಾತ್ರ ಮಾತಾಡುತ್ತಾರೆ, ಅಕ್ಕಪಕ್ಕದವರು ತುಟಿ ಬಿಚ್ಚುವಂತಿಲ್ಲ. ಒಳಕೋಣೆಯಲ್ಲಿ ಮೂವರೂ ಜುಟ್ಟು ಹಿಡಿದು ಕಿತ್ತಾಡಿರಲಿ, ಹೊರಗೆ ಬಂದ ಮೇಲೆ ನಡುವಿನವರು "ನಾವು ತೀರ್ಮಾನಿಸಿದ್ದೇವೆ" ಎನ್ನಬೇಕು. ಕಾನೂನು ತಿಳಿದ ಒಬ್ಬ ಸಲಹೆಗಾರರು ಪೀಠದ ಕೆಳಗೆ ಕೂತಿರುತ್ತಾರೆ. ಸಂಬಳ ಅವರಿಗೆ ಉಂಟು.

ಮುರಿಯಲ್ ಚರ್ಚ್ ರಸ್ತೆಯಲ್ಲಿ ಉಣ್ಣೆ ಅಂಗಡಿ ಇಟ್ಟಿದ್ದವಳು. ತಾಯಿ ಹತ್ತಿ ಗಿರಣಿಯಲ್ಲಿ ನೇಯುತ್ತ ಕಿವುಡಾದವಳು. ಮಗ್ಗಗಳ ಅಬ್ಬರದಲ್ಲಿ ಯಾರ ದನಿಯೂ ಯಾರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಆ ಕಾಲದ ಗಿರಣಿ ಹೆಂಗಸರು ದನಿ ಬಿಟ್ಟು ತುಟಿಯನ್ನೇ ಅಗಲಿಸಿ, ಮುಚ್ಚಿ, ಸೊಟ್ಟ ಮಾಡಿ ಮಾತಾಡುತ್ತಿದ್ದರು; ಈ ಗೋಡೆಯಿಂದ ಆ ಗೋಡೆಗೆ ಊರಿನ ಸುದ್ದಿಯೆಲ್ಲ ಹಾಗೇ ಹೋಗುತ್ತಿತ್ತು. ಮುರಿಯಲ್ ಆ ತುಟಿಮಾತನ್ನು ಮನೆಯಲ್ಲಿ ಕಲಿತಳು. ಪೀಠಕ್ಕೆ ಬಂದ ಮೇಲೆ ಅದು ಬಹಳ ಉಪಯೋಗಕ್ಕೆ ಬಂತು. ಕಟಕಟೆಯಲ್ಲಿದ್ದ ಒಬ್ಬ ಕುಡುಕ ದನಿ ಇಲ್ಲದೆ "ಮುದಿ ಗೂಬೆ" ಎಂದು ತುಟಿ ಅಲುಗಿಸಿದಾಗ, ಅವಳು ಕನ್ನಡಕ ಸರಿಮಾಡಿಕೊಂಡು, "ಗೂಬೆಗೆ ಹಗಲಲ್ಲೂ ಚೆನ್ನಾಗಿ ಕಾಣಿಸುತ್ತೆ, ಮಿಸ್ಟರ್ ಹಿಂಡಲ್, ನೆಟ್ಟಗೆ ನಿಂತ್ಕೊಳ್ಳಿ" ಎಂದಿದ್ದಳು. ಕೋರ್ಟಿನಲ್ಲಿ ಹೆಸರು ಕೂಗುವ ದಫೇದಾರ ಸ್ಟ್ಯಾನ್ ಕೂಡ ಗಿರಣಿಯವಳ ಮಗ. ಅವರಿಬ್ಬರೂ ತುಂಬಿದ ಕೋರ್ಟಿನ ಎರಡು ತುದಿಯಿಂದ ವಕೀಲರ ತಲೆಯ ಮೇಲೆ ಹಾಯಿಸಿ ಮಾತಾಡುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲ ದಿನ ಅವಳು ಒಳಕೋಣೆಗೆ ಕಾಲಿಟ್ಟಾಗ ಗಿರಣಿ ಯಜಮಾನರ ಮಗನೊಬ್ಬ, "ನನಗೆ ಸಕ್ಕರೆ ಎರಡು ಚಮಚ" ಎಂದ. ಟೀ ತರುವವಳು ಎಂದುಕೊಂಡಿದ್ದ. ಅವಳು ಟೀ ಮಾಡಿ, ಎರಡು ಚಮಚ ಹಾಕಿ, ಅವನ ಮುಂದಿಟ್ಟು, ಅವನ ಪಕ್ಕದ ಕುರ್ಚಿ ಎಳೆದು ಕೂತಳು. ಆ ಟೀ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲವಂತೆ. ಅಂಥವರ ನಡುವೆ ಕೂತು ಕೂತು ನಡುಗುರ್ಚಿಗೆ ಬರಬೇಕಾದರೆ ಮೆತ್ತಗಿದ್ದು ಆಗುತ್ತದೆಯೇ? ಅವಳು ಗಟ್ಟಿಯಾದಳು. ಊರಿನ ಅರ್ಧ ಜನರಿಗೆ ಅವಳೇ ಉಣ್ಣೆ ಮಾರಿದ್ದಳು. ಯಾವ ಕೂಸಿನ ಕುಲಾವಿಗೆ ಬಣ್ಣ ಆರಿಸಿಕೊಟ್ಟಿದ್ದಳೋ ಆ ಕೂಸು ದೊಡ್ಡದಾಗಿ ಕಿಟಕಿ ಒಡೆದು ಮುಂದೆ ಬಂದು ನಿಂತರೆ ಕುಲಾವಿಯ ನೆನಪು ಮಾಡಿಕೊಳ್ಳುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ತಡವಾಗಿ ಬರುವವರನ್ನು ಕಂಡರೆ ಆಗುತ್ತಿರಲಿಲ್ಲ. "ಬಸ್ಸು ತಡ ಆಯ್ತು ಮಹಾಸ್ವಾಮಿ" ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ಹಿಂದಿನ ಬಸ್ಸಿಗೆ ಬರಬೇಕಿತ್ತು." ಕಾಲು ನೋವು, ಮಗುವಿಗೆ ಜ್ವರ, ಗಡಿಯಾರ ನಿಂತಿತ್ತು, ಎಲ್ಲದಕ್ಕೂ ಹಿಂದಿನ ಬಸ್ಸೇ. ಊರಿನಲ್ಲಿ ಅದು ತಮಾಷೆಯ ಮಾತಾಯಿತು. ಮದುವೆಗೆ ತಡವಾಗಿ ಬಂದ ನೆಂಟರಿಗೂ ಅದನ್ನೇ ಹೇಳುತ್ತಿದ್ದರು. ಹೊಸದಾಗಿ ಪೀಠಕ್ಕೆ ಸೇರಿದವರಿಗೆ ಪಾಠ ಹೇಳುವ ಕೆಲಸ ಅವಳದಾಗಿತ್ತು. ಅವರಿಗೂ ಕಲಿಸಿದಳು: ಒಬ್ಬರಿಗೆ ಕಾದರೆ ಎಲ್ಲರಿಗೂ ಕಾಯಬೇಕಾಗುತ್ತದೆ.

ಆಗ ಅದು ನ್ಯಾಯವಾದ ಮಾತೇ ಆಗಿತ್ತು. ಕೋರ್ಟು ಊರ ನಡುವೆ ಇತ್ತು. ಕುಂಟುವವರೂ ನಡೆದು ಬರಬಹುದಿತ್ತು. ಹಾರ್ಕ್ಲಫ್‌ನಲ್ಲಿ "ಮೆಟ್ಟಿಲು ಹತ್ತಿದ" ಎಂದರೆ ಕೋರ್ಟಿಗೆ ಹೋದ ಎಂದೇ ಅರ್ಥ. ಎಂಟು ಮೆಟ್ಟಿಲು, ಮೇಲೆ ಕಲ್ಲಿನ ಕಮಾನು, ಒಳಗೆ ಕರಿಮರದ ಕಟಕಟೆ.

ಆಮೇಲೆ ಲಂಡನ್ನಿನಲ್ಲಿ ಯಾರೋ ನಕ್ಷೆ ಹಾಸಿಕೊಂಡು ಕೂತರು. ಸಣ್ಣ ಊರುಗಳ ಕೋರ್ಟು ದಂಡ ಎಂದರು. ಗುಡ್ಡದಾಚೆಯ ಮಾರ್ಲ್‌ಚೆಸ್ಟರ್‌ನಲ್ಲಿ ಗಾಜಿನ ದೊಡ್ಡ ಕಟ್ಟಡವಿದೆ, ಎಲ್ಲರೂ ಅಲ್ಲಿಗೆ ಬರಲಿ ಎಂದರು. ಅಭಿಪ್ರಾಯ ಕೇಳಲು ಒಬ್ಬ ತರುಣ ಅಧಿಕಾರಿ ಬಂದಿದ್ದ. ಮುರಿಯಲ್ ಎದ್ದು ನಿಂತು, "ಕಾರಿಲ್ಲದವರು ಹೇಗೆ ಬರ್ತಾರೆ?" ಎಂದು ಕೇಳಿದಳು. ಆತ, "ಸಾರ್ವಜನಿಕ ಸಾರಿಗೆ ಸಮಂಜಸವಾಗಿದೆ ಎಂದು ನಮ್ಮ ಅಧ್ಯಯನ ಹೇಳುತ್ತದೆ" ಎಂದ. "ಆ ಅಧ್ಯಯನ ಮಾಡಿದವರು ಇಲ್ಲಿಗೆ ಹೇಗೆ ಬಂದರು?" ಎಂದಳು. ಕಾರಿನಲ್ಲಿ ಬಂದಿದ್ದರು. ಸಭೆ ನಕ್ಕಿತು. ಅಧಿಕಾರಿಯೂ ನಕ್ಕ. ಕೋರ್ಟು ಮುಚ್ಚಿತು. ನಗುವವರನ್ನು ಸಭೆಗೆ ಕರೆದು, ನಕ್ಕು ಮುಗಿಯುವವರೆಗೆ ಕಾದು, ಅಂದುಕೊಂಡದ್ದನ್ನೇ ಮಾಡಿ ಮುಗಿಸುವುದು ಆ ಇಲಾಖೆಗೆ ಚೆನ್ನಾಗಿ ಕರಗತವಾಗಿದೆ.

ಕಟ್ಟಡ ಮಾರಾಟವಾಗಿ ಹೆಂಡದಂಗಡಿಯಾಯಿತು. ಹೆಸರು "ಕಟಕಟೆ". ಕರಿಮರದ ಕಟಕಟೆಯ ಮೇಲೆ ಈಗ ಬಿಯರ್ ಲೋಟ ಇಡುತ್ತಾರೆ. ಮೂವರು ಕೂರುತ್ತಿದ್ದ ಜಾಗದಲ್ಲಿ ಬಾಣಗಳನ್ನು ಎಸೆದು ಆಡುವ ಹಲಗೆ ತೂಗುಹಾಕಿದ್ದಾರೆ. ಇದರಲ್ಲಿ ಯಾರಿಗೂ ಅಸಹ್ಯ ಕಾಣಲಿಲ್ಲ. ಮುರಿಯಲ್ ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಳು.

ಆದರೆ ಪೀಠ ಬಿಡಲಿಲ್ಲ. ಮಾರ್ಲ್‌ಚೆಸ್ಟರ್‌ಗೆ ಹೋಗಿ ಅಲ್ಲಿಯೂ ನಡುಗುರ್ಚಿಯಲ್ಲಿ ಕೂತಳು, ಅಲ್ಲಿಯೂ ಅದೇ ಮಾತು ಆಡಿದಳು. ದಫೇದಾರ ಸ್ಟ್ಯಾನ್‌ನನ್ನೂ ಅಲ್ಲಿಗೇ ವರ್ಗ ಮಾಡಿದ್ದರು. ಕಣ್ಣಿಗೆ ಪೊರೆ ಬಂದು ಕಾರು ಓಡಿಸುವುದು ನಿಂತ ಮೇಲೆ ಅದೇ ಪೀಠದ ಗೈಲ್ಸ್ ಪೆನ್ರಿತ್ ತನ್ನ ಕಾರಿನಲ್ಲಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಗೈಲ್ಸ್ ಕನ್ನಡಕದ ವ್ಯಾಪಾರಿ, ಅವಳ ಕೈಯಲ್ಲೇ ಪಳಗಿದವನು. ಹಾಗಾಗಿ ಗುಡ್ಡದಾಚೆಗೆ ಬಸ್ಸು ಹೇಗೆ ಹೋಗುತ್ತದೆ ಎಂಬುದು ಅವಳಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಅದು ಬಂದದ್ದು ನವೆಂಬರಿನ ಒಂದು ಬೆಳಿಗ್ಗೆ. ಗೈಲ್ಸ್ ಹಿಂದಿನ ರಾತ್ರಿ ಮಗಳ ಮನೆಯಲ್ಲಿ ತಂಗಿದ್ದ, ಅಲ್ಲಿಂದಲೇ ನೇರ ಕೋರ್ಟಿಗೆ ಬರುತ್ತೇನೆ ಎಂದಿದ್ದ. ಮುರಿಯಲ್ ಟ್ಯಾಕ್ಸಿಗೆ ದುಡ್ಡು ಸುರಿಯುವ ಜಾತಿಯವಳಲ್ಲ. ಬೆಳಕು ಹರಿಯುವ ಮುಂಚೆಯೇ ಬಸ್ ನಿಲ್ದಾಣದಲ್ಲಿ ನಿಂತಳು. ಕಂಬಕ್ಕೆ ಅಂಟಿಸಿದ ವೇಳಾಪಟ್ಟಿ ನೋಡಿದಳು. ಹಿಂದಿನ ಬಸ್ಸು ಎಂಬುದು ಇರಲಿಲ್ಲ. ದಿನದ ಮೊದಲ ಬಸ್ಸೇ ಅದು. ಅದು ಗುಡ್ಡದ ನೆತ್ತಿಯ ಹಳ್ಳಿಯವರೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು, ಅದೂ ದಿನದ ಮೊದಲನೆಯದೇ.

ಎರಡನೆಯ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಆ ಹಳ್ಳಿಯ ಒಬ್ಬ ಹೆಂಗಸು ಬಂದು ಕೂತಳು. ನಲವತ್ತರ ಆಸುಪಾಸು, ಕೆಂಪು ಕೈ, ಇಸ್ತ್ರಿ ಮಾಡಿದ ಕೋಟು, ತೊಡೆಯ ಮೇಲೆ ದೊಡ್ಡ ನೀಲಿ ಚೀಲ.

"ತಗೊಳ್ಳಿ ಅಮ್ಮಾ, ಪೆಪ್ಪರ್‌ಮೆಂಟು. ಈ ತಿರುವಲ್ಲಿ ನನಗೆ ಹೊಟ್ಟೆ ತೊಳಸುತ್ತೆ."

"ಬೇಡ."

"ಹಲ್ಲಿಗೆ ಅಂಟಲ್ಲ, ತಗೊಳ್ಳಿ. ನಾನು ನೋಡ್ಕೊಳ್ಳೋ ಮುದುಕರು, ಮಿಸ್ಟರ್ ಆರ್ಕ್‌ರೈಟ್‌ಗೂ ಇದನ್ನೇ ಕೊಡೋದು, ಅವರಿಗೆ ಹಲ್ಲೇ ಇಲ್ಲ."

ಮುರಿಯಲ್ ತೆಗೆದುಕೊಂಡಳು. ಬಸ್ಸು ಬೋಳು ಗುಡ್ಡದ ಮೇಲೆ ಹೋಗಿ ನಿಂತಿತು. ಮುಂದೆ ರಸ್ತೆ ಅಗೆದಿದ್ದರು, ಕೆಂಪು ದೀಪ ಉರಿಯುತ್ತಿತ್ತು. ಅಗೆಯುವವರು ಯಾರೂ ಕಾಣಲಿಲ್ಲ. ಗುಂಡಿಯ ಪಕ್ಕ ಕುರಿಗಳು ಮಾತ್ರ ನಿಂತಿದ್ದವು.

"ಹೋಯ್ತು," ಎಂದಳು ಆ ಹೆಂಗಸು. "ಇವತ್ತೂ ಹೋಯ್ತು. ಕೋರ್ಟಿಗೆ ಹೋಗ್ಬೇಕಮ್ಮಾ ನಾನು. ಹೋದ ಸಲನೂ ತಪ್ಪಿಸ್ಕೊಂಡೆ. ನಗಬೇಡಿ ಮತ್ತೆ. ಒಳ್ಳೆ ಕೋಟು ಹಾಕ್ಕೊಂಡು, ಕೂದಲು ಬಾಚ್ಕೊಂಡು, ನೆಟ್ಟಗೆ ಹಾರ್ಕ್ಲಫ್‌ಗೆ ಹೋಗಿ ಮೆಟ್ಟಿಲು ಹತ್ತಿ ಬಾಗಿಲು ಬಡೀತಾ ನಿಂತೆ. ನೆಲ ಒರೆಸೋಳು ಬಂದು, 'ಏನಮ್ಮಾ, ಹನ್ನೊಂದಕ್ಕೆ ಮುಂಚೆ ಬಿಯರ್ ಇಲ್ಲ' ಅಂದ್ಲು."

"ಹೆಂಡದಂಗಡಿಗೆ ಹೋದೆಯಾ?"

"ಮೆಟ್ಟಿಲು ಹತ್ತು ಅಂದ್ರೆ ಇನ್ನೆಲ್ಲಿಗೆ ಹೋಗ್ಲಿ? ನಮ್ಮಪ್ಪ ಹತ್ತಿದ್ದು ಅದನ್ನೇ, ನಮ್ಮ ಮಾವ ಹತ್ತಿದ್ದೂ ಅದನ್ನೇ. ಕಾಗದದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ರಂತೆ ಮಾರ್ಲ್‌ಚೆಸ್ಟರ್ ಅಂತ. ನಾನು ತಾರೀಖು ನೋಡ್ಕೊಂಡು ಮಡಚಿಟ್ಟೆ." ಅವಳು ಕೋರ್ಟಿನ ನಂಬರು ಒತ್ತಿ ಫೋನು ಕಿವಿಗೆ ಹಿಡಿದಳು. ಅದರೊಳಗೆ ಪಿಟೀಲು ಬಾರಿಸುತ್ತಿತ್ತು. "ಕೇಳಿ, ಕೇಳಿ. 'ನಿಮ್ಮ ಕರೆ ನಮಗೆ ಅಮೂಲ್ಯ' ಅಂತಾಳೆ. ಅಷ್ಟು ಅಮೂಲ್ಯ ಆದ್ರೆ ಎತ್ತಿಕೊಳ್ಳೇ ಮಾರಾಯ್ತಿ! ಇವತ್ತೂ ತಪ್ಪಿದ್ರೆ ವಾರಂಟಂತೆ. ಪೊಲೀಸರು ಮನೆಗೆ ಬರ್ತಾರಂತೆ. ಅರೆಸ್ಟ್ ಆದೋರನ್ನ ನಮ್ಮ ಕಂಪನಿ ಮುದುಕರ ಮನೆಗೆ ಕಳಿಸಲ್ಲ. ಕೆಲಸ ಹೋದ ಹಾಗೆ. ಅದರ ಮೇಲೆ, ವಿನೆಗರ್ ಇದ್ರೆ ಮುಗೀತು ಅಂತಾರೆ ಎಲ್ಲರೂ."

"ಯಾರು?"

"ಒಬ್ಬಳು ಮುದುಕಿ ಇದ್ದಾಳಂತೆ ಅಲ್ಲಿ. ಬಸ್ಸು ಹಳ್ಳಕ್ಕೆ ಬಿದ್ದು ಸತ್ತರೂ ಹೆಣಕ್ಕೆ 'ಹಿಂದಿನ ಬಸ್ಸಿಗೆ ಬರಬೇಕಿತ್ತು' ಅಂತಾಳಂತೆ."

ಮುರಿಯಲ್ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದಳು.

"ಅಷ್ಟಕ್ಕೂ ನಾನು ಮಾಡಿದ್ದೇನು? ಮಿಸ್ಟರ್ ಆರ್ಕ್‌ರೈಟ್‌ನ ಸ್ನಾನದ ತೊಟ್ಟಿಯಿಂದ ಎತ್ತುತಾ ಇದ್ದೆ, ಆ ಪಾರ್ಕಿಂಗಿನವನು ನನ್ನ ಕಾರಿನ ಚಕ್ರಕ್ಕೆ ಬೀಗ ಹಾಕ್ತಿದ್ದ. ಬಿಡಿಸೋಕೆ ದುಡ್ಡಿಲ್ಲದೆ ಆ ಕಾರೂ ಹೋಯ್ತು. ಬಾಗಿಲಿಗೆ ಬಂದ್ರೆ ಕೈಯಲ್ಲಿ ಬಕೆಟ್ ಇತ್ತಾ..."

"ಸಾಕು." ಮುರಿಯಲ್ ಕೈ ಎತ್ತಿದಳು. "ಕೇಸಿನ ಮಾತು ನನ್ನ ಹತ್ರ ಆಡಬೇಡ."

"ಯಾಕಮ್ಮಾ?"

"ಆಡಬೇಡ ಅಂದೆ."

ಹೆಂಗಸು ಮುಖ ಸಣ್ಣಗೆ ಮಾಡಿಕೊಂಡು ಪಿಟೀಲು ಕೇಳುತ್ತ ಕೂತಳು. ಆಪಾದಿತರ ಜೊತೆ ಮ್ಯಾಜಿಸ್ಟ್ರೇಟರು ಮಾತಾಡಬಾರದು, ಅದು ನಿಯಮ. ಮುರಿಯಲ್ ಕಿಟಕಿಯ ಕಡೆ ತಿರುಗಿ, ತನ್ನ ಫೋನಿನಿಂದ ಕಾನೂನು ಸಲಹೆಗಾರ್ತಿ ಶಾಹಿದಾ ಮಿರ್ಜಾಳ ನಂಬರು ಒತ್ತಿದಳು. ಒಂದೇ ರಿಂಗಿಗೆ ಶಾಹಿದಾ ಎತ್ತಿದಳು.

"ನಾನು, ಮುರಿಯಲ್. ಬಸ್ಸು ನಿಂತಿದೆ."

"ಅಯ್ಯೋ, ಪರವಾಗಿಲ್ಲ ಮೇಡಂ. ನಿಧಾನವಾಗಿ ಬನ್ನಿ, ಕಾಯ್ತೀವಿ."

ಪಕ್ಕದವಳು ಹೊಟ್ಟೆಕಿಚ್ಚಿನಿಂದ ನೋಡಿದಳು. "ನಿಮ್ಮದು ಎಷ್ಟು ಬೇಗ ಸಿಕ್ತು! ಡಾಕ್ಟರಿಗಾ?"

"ಕೆಲಸದವರಿಗೆ," ಎಂದಳು ಮುರಿಯಲ್. ಅವಳು ಸುಳ್ಳು ಹೇಳುವವಳಲ್ಲ. ಆದರೆ ನಿಜ ಅಷ್ಟು ಕಿರಿದಾಗಿ ಹೇಳಿದ್ದೂ ಅದೇ ಮೊದಲು.

ಬಸ್ಸು ಮಾರ್ಲ್‌ಚೆಸ್ಟರ್ ಮುಟ್ಟಿದಾಗ ಕೋರ್ಟು ಶುರುವಾಗುವ ಹೊತ್ತು ದಾಟಿತ್ತು. ಇಬ್ಬರೂ ಒಂದೇ ಬಾಗಿಲಿನಿಂದ ಇಳಿದರು. ಆಮೇಲೆ ದಾರಿ ಬೇರೆಯಾಯಿತು. ಹೆಂಗಸು ಗಾಜಿನ ಮುಂಬಾಗಿಲಿಗೆ ಓಡಿ ತಪಾಸಣೆಯ ಸರದಿಯಲ್ಲಿ ನಿಂತಳು. ಮುರಿಯಲ್ ಕಟ್ಟಡದ ಹಿಂದೆ ಹೋಗಿ, ಗುಟ್ಟಿನ ಅಂಕಿ ಒತ್ತಿ, ಮ್ಯಾಜಿಸ್ಟ್ರೇಟರ ಬಾಗಿಲಿನಿಂದ ಒಳಗೆ ಹೋದಳು. ಅಲ್ಲಿ ಯಾರೂ ಯಾರ ಚೀಲವನ್ನೂ ನೋಡುವುದಿಲ್ಲ. ಗೈಲ್ಸ್ ಅವಳ ಕೋಟು ಇಸಿದುಕೊಂಡ. ಇನ್ನೊಬ್ಬ ಜೊತೆಗಾತಿ ಮೌರೀನ್ ಬ್ಲೀಸ್‌ಡೇಲ್, ನಿವೃತ್ತ ಹೆಡ್‌ಮಿಸ್ಟ್ರೆಸ್, ಬಿಸಿ ಟೀ ಕೈಗಿಟ್ಟಳು. ಮೂವರೂ ಪೀಠಕ್ಕೆ ಬಂದಾಗ ಕೋರ್ಟು ಎದ್ದು ನಿಂತಿತು. ಶಾಹಿದಾ, "ಅಧ್ಯಕ್ಷರ ಬಸ್ಸು ತಡವಾಯಿತು" ಎಂದಳು. ಸರ್ಕಾರಿ ವಕೀಲ ಕರುಣೆಯಿಂದ ತಲೆ ಆಡಿಸಿದ. ಹಿಂದಿನ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಮೊದಲ ಕೇಸಿಗೇ ಸ್ಟ್ಯಾನ್ ಮೆಟ್ಟಿಲ ತುದಿಗೆ ಹೋಗಿ ಕೂಗಿದ. "ಡೆನಿಸ್ ಕರ್ಶಾ! ಡೆನಿಸ್ ಕರ್ಶಾ!" ಉತ್ತರವಿಲ್ಲ. ತಪಾಸಣೆಯ ಮೇಜು ಕೆಳಮಹಡಿಯಲ್ಲಿ, ಎರಡು ಗಾಜಿನ ಬಾಗಿಲುಗಳ ಆಚೆ. ಆ ಕಟ್ಟಡ ಕಟ್ಟಿದವರಿಗೆ ಕೂಗು ಎಂಬುದೊಂದು ಇದೆ ಎಂದು ಹೊಳೆದಿರಲಿಲ್ಲ.

ಸರ್ಕಾರಿ ವಕೀಲ ಎದ್ದ. "ಪಾರ್ಕಿಂಗ್ ಅಧಿಕಾರಿಯ ಮೇಲೆ ಬಕೆಟ್ ನೀರು ಎರಚಿದ ಹಲ್ಲೆಯ ಆರೋಪ, ಮಹಾಸ್ವಾಮಿ. ಆಪಾದಿತೆ ಹಿಂದಿನ ಸಲವೂ ಗೈರು. ಇಂದೂ ಯಾವ ಸುದ್ದಿಯೂ ಇಲ್ಲ. ವಾರಂಟು ಕೋರುತ್ತೇನೆ."

ಬಕೆಟ್ ಎಂದ ಕೂಡಲೇ ಮುರಿಯಲ್‌ಗೆ ತಿಳಿಯಿತು. ಬಾಯಲ್ಲಿ ಪೆಪ್ಪರ್‌ಮೆಂಟಿನ ರುಚಿ ಇನ್ನೂ ಇತ್ತು.

"ನಾವು ಒಳಗೆ ಹೋಗಿ ಬರ್ತೇವೆ," ಎಂದಳು.

ಒಳಕೋಣೆಯ ಬಾಗಿಲು ಮುಚ್ಚುತ್ತಲೇ ಗೈಲ್ಸ್ ನಕ್ಕ. "ಇದರಲ್ಲಿ ಯೋಚಿಸೋದೇನಿದೆ, ಮುರಿಯಲ್? ಎರಡನೇ ಸಲ. ಕುರ್ಚಿಯಲ್ಲೇ ಮುಗಿಸಬಹುದಿತ್ತು."

"ಅವಳು ಕೆಳಗೆ ಚೀಲ ತೋರಿಸ್ತಾ ನಿಂತಿದ್ದಾಳೆ."

"ನಿನಗೆ ಹೇಗೆ ಗೊತ್ತು?"

"ನನ್ನ ಬಸ್ಸಲ್ಲೇ ಬಂದಳು. ಪಕ್ಕದಲ್ಲೇ ಕೂತಿದ್ದಳು."

ಮೌರೀನ್‌ಗೆ ಇದು ತಮಾಷೆಯಾಗಿ ಕಂಡಿತು. "ಹಿಂದಿನ ಬಸ್ಸಿಗೆ ಬರಬೇಕಿತ್ತು ಅಲ್ವೇ?" ಎಂದು ಅಕ್ಕರೆಯಿಂದಲೇ ಅಂದಳು.

"ಹಿಂದಿನ ಬಸ್ಸು ಇಲ್ಲ, ಮೌರೀನ್! ಅದೇ ಮೊದಲನೇದು. ಇಷ್ಟು ದಿನ ಇಲ್ಲದ ಬಸ್ಸಿಗೆ ಜನರನ್ನ ಹತ್ತಿಸ್ತಾ ಇದ್ದೆ ನಾನು."

ಶಾಹಿದಾ ಮಿರ್ಜಾ ಬಾಗಿಲ ಬಳಿ ನಿಂತಿದ್ದಳು. ಒಳ್ಳೆಯ ಹುಡುಗಿ, ಚುರುಕು, ಕಾನೂನಿನಲ್ಲಿ ಒಂದು ಎಳೆಯನ್ನೂ ಬಿಡುವವಳಲ್ಲ. "ಮೇಡಂ, ಬಸ್ಸಲ್ಲಿ ಕೇಸಿನ ಮಾತು ಬಂತಾ?"

"ಬಂತು. ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಬಕೆಟ್ಟಿನವರೆಗೂ ಬಂದಿತ್ತು."

"ಹಾಗಾದ್ರೆ ಈ ಕೇಸಲ್ಲಿ ನೀವು ಕೂರೋ ಹಾಗಿಲ್ಲ. ಇವರಿಬ್ಬರು ಮುಂದುವರಿಸಬಹುದು, ಇಬ್ಬರಿದ್ರೆ ಸಾಕು. ನೀವು ಈಗ ಹೇಳಿದ್ದನ್ನ ಅವರು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಅವಳು ಈ ಕಟ್ಟಡದೊಳಗೇ ಇದ್ದಾಳೆ ಅನ್ನೋದನ್ನ ಮರೀಬೇಕು ಅಂತೀಯ?"

"ನಿಮ್ಮ ಬಾಯಿಂದ ಕೇಳಿದ್ದನ್ನ ಮರೀಬೇಕು. ಆದ್ರೆ..." ಶಾಹಿದಾ ಗೈಲ್ಸ್‌ನ ಕಡೆ ನೋಡಿದಳು. "ಕೇಸನ್ನ ಕೊನೆಗೆ ತಳ್ಳೋಕೆ ಕಾನೂನೇನೂ ಅಡ್ಡ ಬರಲ್ಲ. ಅದು ಪೀಠದ ಇಷ್ಟ."

"ಕೊನೆಗೆ ಜೈಲಿನಲ್ಲಿರೋರನ್ನ ವಿಡಿಯೋದಲ್ಲಿ ವಿಚಾರಿಸೋದಿದೆ," ಎಂದ ಗೈಲ್ಸ್. "ಈಗಾಗಲೇ ತಡ ಆಗಿದೆ. ಒಬ್ಬರಿಗೆ ಕಾದರೆ ಎಲ್ಲರಿಗೂ ಕಾಯಬೇಕಾಗುತ್ತೆ. ಇದನ್ನ ನನಗೆ ಕಲಿಸಿದ್ದು ಯಾರು, ಮುರಿಯಲ್?"

"ನಾನೇ. ಬೆಳಗ್ಗೆ ನನಗೆ ಯಾಕೆ ಕಾದಿರಿ?"

"ಅದು ಬೇರೆ."

"ಏನು ಬೇರೆ?"

"ನೀನಿಲ್ಲದೆ ಕೋರ್ಟು ಶುರು ಮಾಡೋಕೆ ಆಗುತ್ತಾ?"

"ಇಬ್ಬರಿದ್ರೆ ಸಾಕು ಅಂತ ಈಗ ತಾನೇ ಕೇಳಿದೆಯಲ್ಲ. ಶುರು ಮಾಡಬಹುದಿತ್ತು. ಮಾಡಲಿಲ್ಲ. ಟೀ ಕಾಯಿಸಿಟ್ಟುಕೊಂಡು ಕೂತಿದ್ರಿ. ಅದೇ ರಸ್ತೆ, ಅದೇ ಗುಂಡಿ, ಅದೇ ಕುರಿ! ನಾನು ಇಳಿದರೆ ಅಧ್ಯಕ್ಷರ ಬಸ್ಸು ತಡ. ಅವಳು ಇಳಿದರೆ ಆಪಾದಿತೆ ಗೈರು."

ಮೌರೀನ್ ಕೈಚೀಲದಲ್ಲಿ ಏನನ್ನೋ ಹುಡುಕಿದಳು. ಅವರಿಬ್ಬರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಪುಕ್ಕಟೆಯಾಗಿ, ಮಳೆಯಲ್ಲಿ, ಊರಿಗೆ ಒಳ್ಳೆಯದಾಗಲಿ ಎಂದು ಬರುವ ಜನ. ಅಂಥವರ ಕೈಯಿಂದಲೇ ಈ ಕೆಲಸ ಇಷ್ಟು ಸುಲಭವಾಗಿ ಆಗುತ್ತದೆ ಎಂಬುದು ಇನ್ನೂ ಸಿಟ್ಟಿನ ವಿಷಯ.

"ವಾರಂಟೇ ಸರಿ ಅನ್ಸುತ್ತೆ ನನಗೆ," ಎಂದಳು ಮೌರೀನ್ ಕೊನೆಗೆ. "ನಿಯಮ ಅಂದ್ರೆ ನಿಯಮ. ನೀನು ಕಾಫಿ ರೂಮಲ್ಲಿ ಕೂತಿರು ಮುರಿಯಲ್. ಮುಂದಿನ ಕೇಸಿಗೆ ಕರೀತೀವಿ."

"ಆದೇಶದ ಮಾತುಗಳನ್ನ ಬರೆದುಕೊಡಬೇಕು ಸರ್, ಸ್ವಲ್ಪ ಹೊತ್ತು," ಎಂದಳು ಶಾಹಿದಾ ಗೈಲ್ಸ್‌ಗೆ. ಅವಳು ಪೆನ್ನಿನ ಮುಚ್ಚಳ ತೆಗೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಮುರಿಯಲ್ ಕಾಫಿ ರೂಮು ದಾಟಿದಳು. ಕೋಟನ್ನು ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಹೊರಗೆ ಬಂದಳು. ಜಿನುಗು ಮಳೆ. ಕಟ್ಟಡವನ್ನು ಸುತ್ತು ಹಾಕಿ ಮುಂಬಾಗಿಲಿಗೆ ಬರುವಷ್ಟರಲ್ಲಿ ಕೂದಲು ತೊಯ್ದು ಹಣೆಗೆ ಅಂಟಿತ್ತು.

ಗಾಜಿನ ಬಾಗಿಲ ಒಳಗೆ ಡೆನಿಸ್ ಕರ್ಶಾ ತಪಾಸಣೆಯ ಮೇಜಿನ ಮುಂದೆ ನಿಂತಿದ್ದಳು. ನೀಲಿ ಚೀಲದಲ್ಲಿದ್ದುದೆಲ್ಲ ಹರಡಿತ್ತು: ಕೈಗವಸು, ರಬ್ಬರಿನ ಕೊಳವೆ, ಮುದುಕರಿಗೆ ಕಟ್ಟುವ ದಪ್ಪ ಚಡ್ಡಿಗಳು, ಕತ್ತರಿ, ಮಾತ್ರೆಗಳ ಡಬ್ಬಿ.

"ಕತ್ತರಿ ಮತ್ತೆ ಔಷಧಿ ಒಳಗೆ ಹೋಗಲ್ಲ," ಎನ್ನುತ್ತಿದ್ದ ಕಾವಲುಗಾರ. "ಇಲ್ಲಿ ಬಿಟ್ಟು ಹೋಗಿ."

"ಬಿಟ್ಟರೆ ವಾಪಸ್ ಕೊಡ್ತೀಯೇನಪ್ಪಾ?"

"ನಮ್ಮ ಜವಾಬ್ದಾರಿ ಅಲ್ಲ. ಔಷಧಿ ಕಸಕ್ಕೆ ಹಾಕ್ತೀವಿ."

"ಅದು ಮಿಸ್ಟರ್ ಆರ್ಕ್‌ರೈಟ್‌ದು! ಹೃದಯದ್ದು! ಮಧ್ಯಾಹ್ನ ಕೊಡಬೇಕು. ನನ್ನ ಕಣ್ಣಿಂದ ಮರೆ ಮಾಡೋ ಹಾಗಿಲ್ಲ, ಅದು ನನ್ನ ಕೆಲಸದ ನಿಯಮ."

"ಇದು ನನ್ನ ಕೆಲಸದ ನಿಯಮ."

ಮುರಿಯಲ್ ಬಾಗಿಲು ತಳ್ಳಿದಳು. ಕಾವಲುಗಾರ ಸೆಟೆದು ನಿಂತ. "ಥ್ರೆಲ್‌ಫಾಲ್ ಮೇಡಂ! ನಿಮ್ಮ ಬಾಗಿಲು ಹಿಂದುಗಡೆ ಅಲ್ವಾ?"

"ನಾನು ಒಳಗೆ ಬರ್ತಿಲ್ಲ." ಅವಳು ಮೇಜಿನ ಮೇಲಿದ್ದುದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದಳು, ಚಡ್ಡಿ, ಕೊಳವೆ, ಕತ್ತರಿ, ಮಾತ್ರೆ. "ಇದು ನನ್ನ ಹತ್ರ ಇರುತ್ತೆ. ಹೊರಗೆ ನಿಂತಿರ್ತೀನಿ, ಗಾಜಿನಾಚೆ, ನಿನ್ನ ಕಣ್ಣಿಗೆ ಕಾಣೋ ಹಾಗೆ. ಈಗ ಇವಳ ಹತ್ರ ಚೀಲ ಇಲ್ಲ. ಬಿಡಪ್ಪಾ ಒಳಗೆ."

ಡೆನಿಸ್ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಥ್ರೆಲ್‌ಫಾಲ್? ಅಂದ್ರೆ ನೀವು... ಬಸ್ಸಲ್ಲಿ... ಅಯ್ಯೋ ದೇವರೇ, ವಿನೆಗರ್?"

"ಹೌದು. ಓಡು."

ಡೆನಿಸ್ ಓಡಿದಳು. ಒಳ್ಳೆಯ ಕೋಟು ಹಾರಾಡಿತು. ಮುರಿಯಲ್ ಹೊರಗೆ ಬಂದು ಗಾಜಿಗೆ ಮುಖ ಹಚ್ಚಿದಳು. ಎರಡು ಬಾಗಿಲುಗಳ ಆಚೆ, ಮೆಟ್ಟಿಲ ತುದಿಯಲ್ಲಿ, ಸ್ಟ್ಯಾನ್ ಕೋರ್ಟಿನ ಬಾಗಿಲು ಹಿಡಿದು ನಿಂತಿದ್ದ. ಅವನ ಹಿಂದೆ ಗೈಲ್ಸ್ ಪೀಠಕ್ಕೆ ಬಂದಿರಬೇಕು. ಎಲ್ಲರೂ ಎದ್ದು ಕೂತ ಗದ್ದಲಕ್ಕೆ ಅವನು ತಲೆ ತಿರುಗಿಸಿದ್ದ. ಮುರಿಯಲ್ ಗಾಜು ಬಡಿದಳು. ಅವನು ನೋಡಿದ. ಅವಳು ತಾಯಿಯಂತೆ ಬಾಯಿ ಅಗಲಿಸಿ, ತುಟಿ ಸೊಟ್ಟ ಮಾಡಿ, ದನಿ ಇಲ್ಲದೆ ಹೇಳಿದಳು: ಬರ್ತಿದ್ದಾಳೆ. ಕೂಗು.

ಸ್ಟ್ಯಾನ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಒಳಗೆ ತಿರುಗಿ ಬಾಯಿ ತೆರೆದ. ಅವನು ಕೂಗಿದ್ದು ಹೊರಗೆ ಕೇಳಲಿಲ್ಲ,  ಆದರೆ ಕತ್ತಿನ ನರ ಉಬ್ಬಿದ್ದು ಕಂಡಿತು. ಡೆನಿಸ್ ಅವನ ತೋಳಿನಡಿಯಿಂದ ನುಗ್ಗಿ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಮಳೆ ಸಣ್ಣಗೆ ಸುರಿಯುತ್ತಲೇ ಇತ್ತು. ದಾರಿಹೋಕರು, ಕೋಟಿಲ್ಲದೆ, ಮುದುಕರ ಚಡ್ಡಿ ಇಣುಕುವ ಚೀಲ ಹಿಡಿದು ಕೋರ್ಟಿನ ಮುಂದೆ ನಿಂತ ಮುದುಕಿಯನ್ನು ನೋಡಿ, ಇವಳು ಏನು ಮಾಡಿರಬಹುದು ಎಂದುಕೊಂಡು ಹೋದರು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಸ್ಟ್ಯಾನ್ ಮೆಟ್ಟಿಲ ತುದಿಗೆ ಬಂದು ತುಟಿ ಆಡಿಸಿದ: ವಾರಂಟಿಲ್ಲ. ವಿಚಾರಣೆಗೆ ತಾರೀಖು ಕೊಡ್ತಿದಾರೆ. ಡೆನಿಸ್ ಅಳ್ತಿದ್ದಾಳೆ. ಆಮೇಲೆ ಹಿಂದೆ ಮುಂದೆ ನೋಡಿ ಮತ್ತೆ: ಮುಂದಿನ ಕೇಸಿಗೆ ನೀವು ಬರಬೇಕಂತೆ. ಕೋರ್ಟು ಕಾಯ್ತಿದೆ. ಪೆನ್ರಿತ್ ಗಡಿಯಾರ ನೋಡ್ಕೋತಿದಾರೆ.

ಮುರಿಯಲ್ ಚೀಲವನ್ನು ಮಳೆ ತಾಗದಂತೆ ಕೈಯಿಂದ ಕೈಗೆ ಬದಲಾಯಿಸಿ, ಎದೆಗೆ ಒತ್ತಿಕೊಂಡಳು. ಒಳಗೆ ಮಾತ್ರೆಗಳು ಡಬ್ಬಿಯಲ್ಲಿ ಗಲಗಲ ಎಂದವು.

"ಕಾಯಲಿ," ಎಂದು ತುಟಿ ಆಡಿಸಿದಳು.